ಪುಟ ಎಲ್ಲಿ?

"ಇದು ಯಾರು?" ಎಂದು ಮುಖ್ಯೋಪಾಧ್ಯಾಯಿನಿ ತಮ್ಮ ಫೋನನ್ನು ಲೈಬ್ರರಿ ಮಿಸ್ಸಿನ ಮೂಗಿನ ಹತ್ತಿರ ಹಿಡಿದರು.

ಕೇಳುವ ಅಗತ್ಯವೇ ಇರಲಿಲ್ಲ. ಮೂಗಿನ ತುದಿಗೆ ಜಾರಿದ ಕನ್ನಡಕ, ಮೇಲಕ್ಕೆತ್ತಿದ ಒಂದು ಬೆರಳು, ಕೆಳಗೆ ದಪ್ಪಕ್ಷರದಲ್ಲಿ 'ಪುಟ ಎಲ್ಲಿ?'. ಆರನೇ ತರಗತಿಯ ಲೈಬ್ರರಿ ಗ್ರೂಪಿಗೆಂದು ಮಿಸ್ ತಮ್ಮದೇ ಫೋಟೊದಿಂದ ಮಾಡಿದ ಸ್ಟಿಕ್ಕರ್ ಅದು. ಆ ಗ್ರೂಪಿನಲ್ಲಿ ಯಾರು ಏನು ಬೇಕಾದರೂ ಹೇಳಬಹುದು. ಆಕ್ಟೋಪಸ್ಸಿಗೆ ಮೂರು ಹೃದಯ ಎನ್ನಬಹುದು, ಡೈನೊಸಾರ್ ಇನ್ನೂ ಎಲ್ಲೋ ಅಡಗಿಕೊಂಡಿದೆ ಎನ್ನಲೂಬಹುದು. ತಕ್ಷಣ ಈ ಸ್ಟಿಕ್ಕರ್ ಬೀಳುತ್ತದೆ. ಪುಸ್ತಕದ ಹೆಸರೂ ಪುಟದ ಫೋಟೊವೂ ಬರುವ ತನಕ ಆ ಮಾತು ಬರೀ ಅಂತೆಕಂತೆ. ರಾತ್ರಿ ಅಪ್ಪಂದಿರ ಫೋನಿನಲ್ಲಿ ಶುರುವಾದ ಜಗಳ ತೀರಿಸಿಕೊಳ್ಳಲು ಮಕ್ಕಳು ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಲೈಬ್ರರಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಎರಡು ವರ್ಷದ ಹಿಂದೆ ಆ ಬಾಗಿಲಲ್ಲಿ ಜೇಡ ಬಿಟ್ಟರೆ ಯಾರೂ ಇರುತ್ತಿರಲಿಲ್ಲ.

ತೊಂದರೆ ಏನೆಂದರೆ, ನಿನ್ನೆ ಈ ಸ್ಟಿಕ್ಕರ್ ಬಿದ್ದದ್ದು ಶಾಲೆಯ ಅಷ್ಟೂ ಪೋಷಕರಿರುವ ದೊಡ್ಡ ಗ್ರೂಪಿನಲ್ಲಿ, ಅದೂ ಮುಖ್ಯೋಪಾಧ್ಯಾಯಿನಿಯೇ ಹಾಕಿದ ಸಂದೇಶದ ಬುಡಕ್ಕೆ. 'ಎಡಗೈಯಲ್ಲಿ ಬರೆಯುವ ಮಕ್ಕಳ ಜ್ಞಾಪಕಶಕ್ತಿ ಹನ್ನೆರಡು ತುಂಬಿದ ಮೇಲೆ ಕುಂದುತ್ತದೆ, ವಿಜ್ಞಾನಿಗಳ ಎಚ್ಚರಿಕೆ, ಈಗಲೇ ಬಲಗೈ ರೂಢಿ ಮಾಡಿಸಿ' ಎಂದು ಎಲ್ಲಿಂದಲೋ ಬಂದದ್ದನ್ನು ಅವರು ಹಿಂದುಮುಂದು ನೋಡದೆ ಎಲ್ಲರಿಗೂ ದಾಟಿಸಿದ್ದರು.

"ಪೋಷಕರೆಲ್ಲ ನಗ್ತಿದ್ದಾರೆ. ಸಂಜೆಯೊಳಗೆ ನಿಮ್ಮ ಗ್ರೂಪ್ ಡಿಲೀಟ್ ಆಗ್ಬೇಕು. ಕಳಿಸಿದ ಮಗು ನಾಳೆ ಎಲ್ಲರ ಮುಂದೆ ಕ್ಷಮೆ ಕೇಳ್ಬೇಕು. ಯಾರದು?"

"ನಂಬರ್ ನೋಡಿದ್ರೆ ನಮ್ಮ ಪ್ರಶ್ನೆಪತ್ರಿಕೆಯ ಅಮ್ಮಂದು, ಮೇಡಂ." ಆರನೇ ತರಗತಿಯ ಆ ಹುಡುಗಿಗೆ ಇಡೀ ಶಾಲೆ ಇಟ್ಟ ಹೆಸರು ಅದು, ಬಾಯಿ ತೆರೆದರೆ ಪ್ರಶ್ನೆಯೇ. "ಕರೆಸ್ತೀನಿ, ನೀವೇ ಕೇಳಿ."

ಹುಡುಗಿ ಬಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಮುಖ್ಯೋಪಾಧ್ಯಾಯಿನಿಯ ಕಣ್ಣು ರೂಢಿಯಂತೆ ಮೊದಲು ಕಾಲಿಗೇ ಹೋಯಿತು. ಬಲಗಾಲಿನಲ್ಲಿ ಬಿಳಿ ಸಾಕ್ಸ್ ಇತ್ತು, ಎಡಗಾಲು ಶೂ ಒಳಗೆ ಬರಿದಾಗಿತ್ತು.

"ಇನ್ನೊಂದು ಸಾಕ್ಸ್ ಎಲ್ಲಿ?"

ಹುಡುಗಿ ಎಡಗೈಯನ್ನು ಮುಂದೆ ತಂದಳು. ಸಾಕ್ಸ್ ಅಲ್ಲಿತ್ತು. ಐದೂ ಬೆರಳು ಅದರೊಳಗೆ ಮುದುಡಿಕೊಂಡಿದ್ದವು. ಮಣಿಕಟ್ಟಿನ ಹತ್ತಿರ ಜಡೆಯ ರಿಬ್ಬನ್ನಿನಿಂದ ಬಿಗಿಯಾಗಿ ಗಂಟು ಹಾಕಿತ್ತು.

"ಅಮ್ಮಂಗೆ ಬಸ್ಸಿಗೆ ಹೊತ್ತಾಗಿತ್ತು ಮೇಡಂ, ಕೈಗೆ ಸಿಕ್ಕಿದ್ದನ್ನ ಕಟ್ಟಿದ್ರು. ನಂಗೀಗ ಹನ್ನೊಂದು ವರ್ಷ ಎಂಟು ತಿಂಗಳು. ಇನ್ನು ನಾಲ್ಕೇ ತಿಂಗಳಿದೆ ಅಂತ ನಿನ್ನೆಯಿಂದ ಅಳ್ತಿದ್ದಾರೆ."

"ಸ್ಟಿಕ್ಕರ್ ಕೈತಪ್ಪಿ ಹೋಯ್ತು, ಅಲ್ವಾ?" ಎಂದು ಮಿಸ್ ಅವಳಿಗೆ ತಪ್ಪಿಸಿಕೊಳ್ಳಲು ಒಂದು ದಾರಿ ಮಾಡಿಕೊಟ್ಟರು.

"ಇಲ್ಲ ಮಿಸ್, ಬೇಕಂತಲೇ ಕಳಿಸ್ದೆ. ಪುಟ ಇದ್ರೆ ಕಟ್ಟಿಸ್ಕೊತೀನಿ. ಇಲ್ದಿದ್ರೆ ಯಾಕೆ ಕಟ್ಟಿಸ್ಕೋಬೇಕು?"

ಮುಖ್ಯೋಪಾಧ್ಯಾಯಿನಿಯ ಕೈ ರಿಬ್ಬನ್ನಿನ ಗಂಟಿನ ತನಕ ಹೋಗಿ ವಾಪಸಾಯಿತು. ಈಗ ಬಿಚ್ಚಿದರೆ ನಾಳೆ ಆ ತಾಯಿ ಮತ್ತೆ ಕಟ್ಟಿಯೇ ಕಳಿಸುತ್ತಾಳೆ. ಅವಳು ನಂಬಿದ್ದು ಯಾವ ವಿಜ್ಞಾನಿಯನ್ನೂ ಅಲ್ಲ, ಮುಖ್ಯೋಪಾಧ್ಯಾಯಿನಿಯ ಈ ಕುರ್ಚಿಯನ್ನು. ಅವರು ಮಿಸ್ ಕಡೆ ತಿರುಗಿ, "ಆ ಪುಟ ಇದ್ರೆ ಯಾವ ಕಪಾಟಿನಲ್ಲಿರುತ್ತೆ?" ಎಂದರು.

ಊಟದ ಬಿಡುವಿನಲ್ಲಿ ಮುಖ್ಯೋಪಾಧ್ಯಾಯಿನಿ ಲೈಬ್ರರಿಯಲ್ಲಿ ಚಿಕ್ಕ ಮಕ್ಕಳ ಸ್ಟೂಲಿನ ಮೇಲೆ ಮಂಡಿ ಎದೆಗೆ ತಾಗುವಂತೆ ಕೂತಿದ್ದರು. ಮುಂದೆ ಮಿದುಳಿನ ಬಗ್ಗೆ ನಾಲ್ಕು ದಪ್ಪ ಪುಸ್ತಕ. ಅವರು ಮೊದಲ ಪುಟದಿಂದ ಒಂದೊಂದೇ ಹಾಳೆ ಮಗುಚುತ್ತಿದ್ದುದನ್ನು ನೋಡಿ ಹುಡುಗಿಗೆ ತಡೆಯಲಾಗಲಿಲ್ಲ.

"ಹಾಗಲ್ಲ ಮೇಡಂ, ಹಿಂದಿನಿಂದ ನೋಡಿ. ಕೊನೇಲಿ ಪದಗಳ ಪಟ್ಟಿ ಇರುತ್ತೆ. 'ಎಡಗೈ' ಅಂತ ಹುಡುಕಿ, ಪುಟದ ನಂಬರ್ ಅದೇ ಹೇಳುತ್ತೆ."

ಮುಖ್ಯೋಪಾಧ್ಯಾಯಿನಿ ಪುಸ್ತಕ ತಿರುಗಿಸಿ ಹಿಂದಿನಿಂದ ನೋಡಿದರು. ನೋಡಲು ಎರಡು ಕಣ್ಣು ಸಾಲದು ಎನ್ನುತ್ತಾರಲ್ಲ, ಅಂಥ ನೋಟ ಅದು. ಮಿಸ್ ಮಾತ್ರ ತಮಗೆ ಸಂಬಂಧವೇ ಇಲ್ಲವೆಂಬಂತೆ ಹರಿದ ಪುಸ್ತಕಕ್ಕೆ ಅಂಟು ಹಚ್ಚುತ್ತಾ ಕೂತಿದ್ದರು. ಹಚ್ಚಿದ ಜಾಗಕ್ಕೇ ಮೂರು ಸಲ ಹಚ್ಚಿದರು.

ಮೊದಲ ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರ ನೂರಾ ಹದಿನೆಂಟನೇ ಪುಟದಲ್ಲಿತ್ತು, ತದ್ವಿರುದ್ಧವಾಗಿ. ಯಾವ ಕೈ ಎಂಬುದು ಮಗು ಬೇಕೆಂದು ಆರಿಸಿಕೊಳ್ಳುವುದಲ್ಲ, ಬಲವಂತವಾಗಿ ಬದಲಿಸಿದರೆ ಬರೆಯುವುದೇ ಕಷ್ಟವಾಗುತ್ತದೆ ಎಂದು. ಅವರು ಅದನ್ನು ಎರಡು ಸಲ ಓದಿದರು. ಗಂಟೆ ಹೊಡೆದರೂ ಏಳದೆ ಫೋನಿನಲ್ಲಿ ಬರೆದರು, ಅಳಿಸಿದರು, ಮತ್ತೆ ಬರೆದರು. ಹತ್ತೊಂಬತ್ತು ವರ್ಷಗಳಲ್ಲಿ 'ತಪ್ಪು' ಎಂಬ ಪದವನ್ನು ಅವರು ಬರೆದದ್ದು ಬೇರೆಯವರ ಪುಸ್ತಕದಲ್ಲಿ ಮಾತ್ರ. ಕೊನೆಗೂ ಪೋಷಕರ ಗ್ರೂಪಿಗೆ ಕಳಿಸಿದರು: 'ನಾನು ನಿನ್ನೆ ಹೇಳಿದ್ದಕ್ಕೆ ಯಾವ ಪುಸ್ತಕದಲ್ಲೂ ಪುಟ ಸಿಗಲಿಲ್ಲ. ತಪ್ಪು ನನ್ನದು. ಸಿಕ್ಕ ಪುಟ ಕೆಳಗಿದೆ, ದಯವಿಟ್ಟು ಪೂರ್ತಿ ಓದಿ.'

"ಗ್ರೂಪ್ ಡಿಲೀಟ್ ಮಾಡ್ಲಾ ಮೇಡಂ?" ಎಂದರು ಮಿಸ್, ಅಂಟಿನ ಡಬ್ಬಿಯಿಂದ ತಲೆ ಎತ್ತದೆ.

"ಮೊದಲು ನನ್ನನ್ನ ಅದಕ್ಕೆ ಸೇರಿಸಿ. ಆಮೇಲೆ ನೋಡೋಣ."

ಮರುದಿನ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿ ಎಂದಿನಂತೆ ಗೇಟಿನಲ್ಲಿ ನಿಂತು ಒಳಗೆ ಬರುವ ಕಾಲುಗಳನ್ನು ನೋಡುತ್ತಿದ್ದರು. ಪ್ರಶ್ನೆಪತ್ರಿಕೆ ಓಡಿ ಬಂದಳು. ಎರಡೂ ಕಾಲಿನಲ್ಲಿ ಸಾಕ್ಸ್ ಇತ್ತು. ನಿನ್ನೆ ಕೈಗೆ ಕಟ್ಟಿ ಬಾಯಿ ಸಡಿಲವಾದದ್ದು ಮಾತ್ರ ಹಿಮ್ಮಡಿಯ ತನಕ ಜಾರಿತ್ತು.

"ಸಾಕ್ಸ್ ಸರಿ ಮಾಡ್ಕೋ," ಎಂದರು ಅವರು.

ಹುಡುಗಿ ಬಗ್ಗಿ ಅದನ್ನು ಎಡಗೈಯಿಂದ ಮೇಲಕ್ಕೆಳೆದುಕೊಂಡಳು.