ಮೊಣಕೈ ಮೇಲಿನ ಕಲೆ

ಸತ್ತವರನ್ನು ಒಂದು ಸಲ ಮಾತ್ರ ಮತ್ತೆ ಬೆಳೆಸಿ ಮನೆಯವರಿಗೆ ಕೊಡುತ್ತಾರೆ. ಹಾಗೆ ಬೆಳೆಸಿದ ಮೈಯ ಆಯಸ್ಸು ಮುಗಿಯುವ ಮುನ್ನ ಎಲ್ಲಾದರೂ ಒಂದು ಕಡೆ ಒಣಗಿ ಕೆಂಪಾಗುತ್ತದೆ. ಹಾಗೆ ಮರಳಿ ಬಂದಿದ್ದ ಷಡಕ್ಷರಿಯ ಮೊಣಕೈ ಕೆಂಪಾಗಿ ಹತ್ತು ದಿನವಾಗಿತ್ತು. ತಿಪಟೂರಿನ ಚರ್ಮದ ಡಾಕ್ಟರ ಮುಂದೆ ಅವನ ಹೆಂಡತಿ ಗಂಗಾಂಬಿಕೆಯೇ ಮಾತು ತೆಗೆದಳು.

"ಸೋಪು ಬದಲಾಯಿಸಿದ್ವಿ ಡಾಕ್ಟ್ರೇ, ಅದಕ್ಕೇ ಇರ್ಬೇಕು. ಇಲ್ಲಾಂದ್ರೆ ಚಳಿಗೆ ಚರ್ಮ ಒಡೆದೈತೆ."

"ಸೋಪು, ಚಳಿ ಆಗಿದ್ರೆ ಇಷ್ಟೊತ್ತಿಗೆ ವಾಸಿಯಾಗ್ತಿತ್ತಮ್ಮ."

"ಹಂಗಾದ್ರೆ ಗಜಕರ್ಣ. ಇವ್ರ ಟವಲ್ಲೇ ನಾನೂ ಬಳಸೋದು. ನೋಡಿ, ನಂಗೂ ಹತ್ಕೊಂಡೈತೆ."

ಅವಳು ಸೆರಗು ಸರಿಸಿ ತನ್ನ ಮೊಣಕೈ ತೋರಿಸಿದಳು. ಅದೇ ಜಾಗ, ಅಷ್ಟೇ ಅಗಲ, ಅಷ್ಟೇ ಕೆಂಪು. ಡಾಕ್ಟರು ದೀಪವನ್ನು ಹತ್ತಿರಕ್ಕೆ ಎಳೆದು ನೋಡಿದರು. ತರಚಿದ ಚರ್ಮಕ್ಕೆ ಪಾತ್ರೆ ತಿಕ್ಕುವ ತೆಂಗಿನ ನಾರಿನ ಎಳೆಯೊಂದು ಅಂಟಿಕೊಂಡಿತ್ತು.

ಅವರು ಷಡಕ್ಷರಿಯ ಮುಖ ನೋಡಿದರು. ಅವನೂ ಆ ನಾರನ್ನು ನೋಡಿದ್ದ.

"ಇಬ್ರಿಗೂ ಗಜಕರ್ಣ ಅಂತಲೇ ಬರ್ಕೊಡಿ ಸಾರ್," ಎಂದ ಮೆಲ್ಲಗೆ. "ಅವಳದು ವಾಸಿಯಾಗೋಗಂಟ ನಾನೇ ಮುಲಾಮು ಹಚ್ತೀನಿ. ಅಷ್ಟು ದಿನ ಇರ್ತೀನಿ ತಾನೆ?"