ಕರೆಯದ ಹೆಸರು

“ಇದನ್ನ ಸ್ಕೂಲಿಗೆ ಯಾಕಯ್ಯ ತಂದೆ? ಬನಶಂಕರಿ ಗುಡಿ ಮುಂದೆ ಕೂರ್ಸು, ನಾಲ್ಕು ಕಾಸಾದ್ರೂ ಬೀಳುತ್ತೆ.”

ಹೆಡ್‌ಮೇಷ್ಟ್ರು ಜಯದೇವಪ್ಪ ಇದನ್ನು ಪಿಸುಗುಟ್ಟಿ ಹೇಳಲಿಲ್ಲ. ಮಕ್ಕಳನ್ನು ಸೇರಿಸಲು ಬಂದು ಜಗಲಿಯುದ್ದಕ್ಕೂ ನಿಂತಿದ್ದವರೆಲ್ಲರಿಗೂ ಕೇಳುವಂತೆ ಹೇಳಿದರು. ನಗುವವರು ನಕ್ಕರು. ಗಾರೆ ಕೆಲಸದ ಬೈರಣ್ಣನ ಮುಷ್ಟಿ ಬಿಗಿಯಿತು. ಅವನ ಆರು ವರ್ಷದ ಮಗಳು ಮಾಡಿದ ತಪ್ಪು ಇಷ್ಟೇ: ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರೆ ಮುಟ್ಟಲಿಲ್ಲ. ಮುಟ್ಟಿದ ಮಗುವಿಗೆ ವಯಸ್ಸು ತುಂಬಿದೆ ಎಂದು ಲೆಕ್ಕ, ರಿಜಿಸ್ಟರಿನಲ್ಲಿ ಜಾಗ. ಇವಳು ಕಿಟಕಿಯ ಮುಂದೆ ನಿಂತು ಸರಳುಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟುತ್ತಿದ್ದಳು. ಕೊನೆಯ ಸರಳು ಮುಗಿದರೆ ಮತ್ತೆ ಮೊದಲಿನಿಂದ.

ಬೇರೆ ದಿನವಾಗಿದ್ದರೆ ಬೈರಣ್ಣ ಮೇಷ್ಟ್ರಿಗೆ ಉತ್ತರ ಕೊಟ್ಟೇ ಕೊಡುತ್ತಿದ್ದ, ಅದೂ ಬಾಯಲ್ಲಲ್ಲ. ಆದರೆ ಆವತ್ತು ಮಕ್ಕಳಿಗೆ ಸಿಡುಬು ಬಾರದಂತೆ ದಾಕು ಚುಚ್ಚಲು ಡಾಕ್ಟರಮ್ಮ ಬಂದಿದ್ದರು. ಮಗಳಿಗೆ ಏನಾಗಿದೆ ಎಂದು ಓದಿದವರೊಬ್ಬರ ಬಾಯಿಂದ ಕೇಳಬೇಕು ಎಂದೇ ಅವನು ಜಯನಗರದ ಕೆಲಸ ಬಿಟ್ಟು, ತನ್ನ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ಹಲ್ಲು ಕಚ್ಚಿ ನಿಂತ.

ಮೇಷ್ಟ್ರ ಮಾತು ಡಾಕ್ಟರ್ ಕಾತ್ಯಾಯಿನಿಯವರಿಗೂ ಕೇಳಿಸಿತ್ತು. ಸೂಜಿಯನ್ನು ತಟ್ಟೆಯಲ್ಲಿಟ್ಟು, ತಾವೇ ಎದ್ದು ಕಿಟಕಿಯ ಹತ್ತಿರ ಬಂದರು.

“ಮಾತಾಡ್ತಾಳಾ?”

“ಇಲ್ಲಮ್ಮ. ಎರಡು ವರ್ಷ ಆದಾಗ ನೀರು ಅಂತಿದ್ಲು. ಆಮೇಲೆ ಅದೂ ನಿಂತೋಯ್ತು.”

ಡಾಕ್ಟರು ಮಗುವಿನ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಮಗು ತಿರುಗಲಿಲ್ಲ. ಡಾಕ್ಟರು ಚೀಲದಿಂದ ಒಂದು ಪೆಪ್ಪರಮೆಂಟು ತೆಗೆದು, ಅದರ ಕಾಗದವನ್ನು ಮೆಲ್ಲಗೆ ಬಿಡಿಸಿದರು. ಅಷ್ಟು ಸಣ್ಣ ಸದ್ದಿಗೆ ಮಗು ತಟ್ಟನೆ ತಿರುಗಿ, ಡಾಕ್ಟರ ಮುಖ ನೋಡದೆ ಅವರ ಕೈಯಿಂದ ಪೆಪ್ಪರಮೆಂಟು ಎತ್ತಿಕೊಂಡು, ಮತ್ತೆ ಸರಳಿಗೆ ಹೋಯಿತು.

“ಕಿವಿ ಚೆನ್ನಾಗಿದೆ.”

“ಅದನ್ನೇ ನಾನು ಊರಿಗೆಲ್ಲಾ ಹೇಳ್ಕೊಂಡ್ ಬಂದೆ. ಒಬ್ಬರೂ ನಂಬಲಿಲ್ಲ.”

“ಹೆಸರು ಹಿಡಿದು ಕರೆದ್ರೆ ತಿರುಗ್ತಾಳಾ?”

ಬೈರಣ್ಣ ನೆಲ ನೋಡಿದ. “ಕರೆದಿಲ್ಲಮ್ಮ.”

“ಕರೆದಿಲ್ಲ ಅಂದ್ರೆ?”

“ಅದು ನಮ್ಮಮ್ಮನ ಹೆಸರು. ಮುನಿವೆಂಕಟಮ್ಮ. ಅತ್ತೆ ಹೆಸರು ಅಂತ ನನ್ನ ಹೆಂಡ್ತಿ ಬಾಯಲ್ಲಿ ಬರಲ್ಲ. ಹೆತ್ತೋಳ ಹೆಸರು ಹಿಡ್ದು ನಾನು ಹೆಂಗೆ ಕೂಗ್ಲಿ? ನಾನು ಕೂಸು ಅಂತೀನಿ, ಅವಳು ಪಾಪ ಅಂತಾಳೆ, ನಮ್ಮಮ್ಮ ಚಿನ್ನಿ ಅಂತಾಳೆ. ಮೂರು ಜನ ಮೂರು ಥರ ಕರೆದ್ರೆ ಮಗು ಯಾವುದಕ್ಕೆ ಅಂತ ತಿರುಗುತ್ತೆ, ನೀವೇ ಹೇಳಿ.”

ಈ ಮಾತನ್ನು ಅವನು ಮೂರು ವರ್ಷದಿಂದ ಕೇರಿಯವರಿಗೆಲ್ಲ ಹೇಳುತ್ತ ಬಂದಿದ್ದ. ಎಲ್ಲರಿಗಿಂತ ಹೆಚ್ಚಾಗಿ ತನಗೆ ತಾನೇ ಹೇಳಿಕೊಂಡಿದ್ದ. ಆ ಹೆಸರು ಹಿಡಿದು ಯಾರೂ ಕರೆಯದೆ ಇರುವ ತನಕ, ಮಗಳು ತಿರುಗದೆ ಇರುವುದಕ್ಕೆ ಒಂದು ಕಾರಣ ಇತ್ತು.

“ಈಗ ಕರಿ, ನೋಡೋಣ,” ಎಂದರು ಡಾಕ್ಟರು.

ಬೈರಣ್ಣ ಮಗಳ ಬೆನ್ನ ಹಿಂದೆ ಬಂದು ನಿಂತ. ಒಂದು ಸಲ ಕೂಗಿಬಿಟ್ಟರೆ ಆಯಿತು, ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳುವ ಹಾಗಿಲ್ಲ. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದ್ದರು.

“ಮುನಿವೆಂಕಟಮ್ಮ,” ಎಂದ.

“ಏನಪ್ಪಾ?”

ಕಂಬದ ಹತ್ತಿರ ನಿಂತಿದ್ದ ತಾಯಿ ಎರಡು ಹೆಜ್ಜೆ ಮುಂದೆ ಬಂದು, ಆಮೇಲೆ ಗೊತ್ತಾಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅಜ್ಜಿಗೇ ಅಡ್ಮಿಷನ್ ಮಾಡಿಬಿಡೋಣ ಬಿಡಯ್ಯ, ಕೂಗಿದ್ರೆ ಬರ್ತಾಳೆ,” ಎಂದರು ಜಯದೇವಪ್ಪ. ಜಗಲಿಗೆ ಜಗಲಿಯೇ ನಕ್ಕಿತು.

ಡಾಕ್ಟರು ನಗಲಿಲ್ಲ. “ಇನ್ನೊಂದು ಸಲ. ಗಟ್ಟಿಯಾಗಿ.”

ಮೂರನೇ ಅಂತಸ್ತಿನಿಂದ ಗಾರೆ ಕಲಸುವವರನ್ನು ಕೂಗುವ ಗಂಟಲಿನಲ್ಲಿ ಬೈರಣ್ಣ ಕೂಗಿದ. ಒಳಗೆ ಮಗ್ಗಿ ಹೇಳುತ್ತಿದ್ದ ಮಕ್ಕಳು ಸುಮ್ಮನಾದರು. ಮತ್ತೂ ಒಮ್ಮೆ ಕೂಗಿದ. ಮಗುವಿನ ಬೆರಳು ಐದನೇ ಸರಳಿನಿಂದ ಆರನೆಯದಕ್ಕೆ ಹೋಯಿತು, ಆರರಿಂದ ಏಳಕ್ಕೆ.

“ಸಾಕಪ್ಪ,” ಎಂದು ಡಾಕ್ಟರು ಅವನ ತೋಳು ಮುಟ್ಟಿದರು. “ಕಿವುಡಲ್ಲ. ಪೆದ್ದು ಅಂತಲೂ ನನಗನ್ಸಲ್ಲ. ಇಂಥ ಮಗೂನ ನಾನು ಇನ್ನೊಂದೇ ಒಂದು ನೋಡಿರೋದು. ಇದಕ್ಕೆ ಏನಂತ ಬರೀಬೇಕೋ ನನಗೇ ಗೊತ್ತಿಲ್ಲ. ದೊಡ್ಡಾಸ್ಪತ್ರೆಗೆ ಚೀಟಿ ಕೊಡ್ತೀನಿ, ತೋರ್ಸು.”

“ಔಷಧಿ ಕೊಟ್ರೆ ತಿರುಗ್ತಾಳಾ?”

“ಔಷಧಿ ಇದೆ ಅಂತ ಸುಳ್ಳು ಹೇಳಲ್ಲ. ದಿನಾ ಪಕ್ಕದಲ್ಲಿ ಕೂತು, ಬೇಜಾರು ಮಾಡ್ಕೊಳ್ದೆ ಕಲಿಸೋರು ಬೇಕು.”

“ಎಲ್ಲಿದಾರಮ್ಮ ಅಂಥೋರು?”

ಡಾಕ್ಟರು ಹೆಡ್‌ಮೇಷ್ಟ್ರ ಕಡೆ ನೋಡಿದರು. ಜಯದೇವಪ್ಪ ರಿಜಿಸ್ಟರಿನ ಹಾಳೆ ತಿರುವಿ, “ಮುಂದಿನೋರು ಬನ್ನಿ,” ಎಂದರು.

ಬೈರಣ್ಣ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಸರಳು ಬಿಡಲೊಲ್ಲದ ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳನ್ನು ಹೆಗಲ ಮೇಲೆ ಹೊತ್ತುಕೊಂಡ. ಗೇಟು ದಾಟಿದ ಮೇಲೆ ತಾಯಿ ಓಡೋಡಿ ಬಂದು ಅವನ ಅಂಗಿ ಹಿಡಿದಳು.

“ನನ್ನ ಹೆಸರು ಬ್ಯಾಡ ಅಂತ ಅವತ್ತೇ ಬಡ್ಕೊಂಡೆ. ನೀನು ಕೇಳ್ನಿಲ್ಲ. ಬ್ಯಾರೆ ಹೆಸರಿಕ್ಕಿದ್ರೆ ತಿರುಗ್ತಿತ್ತೇನೋ ಅಲ್ವಾ, ಬೈರ?”

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಇಲ್ಲಮ್ಮ ಎಂದರೆ ಮಗಳಿಗೆ ಏನೋ ಆಗಿದೆ ಎಂದು ಒಪ್ಪಿದಂತೆ. ಹೌದಮ್ಮ ಎಂದರೆ ತಾಯಿ ಕೊರಗಿ ಸತ್ತಂತೆ. ಬೈರಣ್ಣ ಅಂಗಿ ಬಿಡಿಸಿಕೊಂಡು, ಅವಳ ಕಾಲಿಗೆ ನಿಲುಕದಷ್ಟು ಬಿರುಸಾಗಿ ನಡೆದುಬಿಟ್ಟ.