ಹದಿನಾಲ್ಕನೆಯ ಪ್ರಶ್ನೆ

“ಮತ್ತೆ ತಪ್ಪು,” ಎಂದ ಬಿಸೆಂಟೆ, ಪುಸ್ತಕದಿಂದ ತಲೆಯೆತ್ತದೆ. “ಎಲ್ಲದಕ್ಕೂ ಡಾಕ್ಟರನ್ನ ಕರೀತೀಯಲ್ಲ ಡಿಟಾ. ಹಾಗಾದ್ರೆ ನರ್ಸು ಯಾಕೆ ಬೇಕು?”

ಹೆಂಡತಿಯ ಕೈ ಹಿಟ್ಟಿನೊಳಗೇ ನಿಂತುಹೋಯಿತು. ತಮ್ಮೂರು ಇನರಹಾನಿನ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದವಳು ರೊಟ್ಟಿಗೆಂದು ತೆಂಗಿನಹಾಲು ಹಾಕಿ ನಾದುತ್ತಿದ್ದಳು. ಕೈ ಖಾಲಿಯಿಲ್ಲದ್ದರಿಂದ ಗಂಡ ಮೇಜಿನ ಆಚೆ ಕುಳಿತು ಅವಳ ಪರೀಕ್ಷೆಯ ಪ್ರಶ್ನೆಗಳನ್ನು ಓದಿ ಹೇಳುತ್ತಿದ್ದ. ಹದಿಮೂರರಲ್ಲಿ ಒಂಬತ್ತು ತಪ್ಪಾಗಿದ್ದವು. ಗುರುವಾರ ಪರೀಕ್ಷೆ, ಅದೂ ಮೂರನೆಯ ಸಲ. ಹನ್ನೊಂದು ವರ್ಷ ಗುವಾಮ್ ದ್ವೀಪದ ಆಸ್ಪತ್ರೆಯಲ್ಲಿ ಆಯಾ ಆಗಿ ಹಾಸಿಗೆ ಬದಲಿಸಿ, ರೋಗಿಗಳ ಹೊಲಸು ಬಳಿದವಳಿಗೆ ನರ್ಸ್ ಲೈಸೆನ್ಸು ಸಿಗುತ್ತದೋ ಇಲ್ಲವೋ ಅಂದು ಗೊತ್ತಾಗಬೇಕು. ರೋಗಿಯ ಮುಂದೆ ಒಮ್ಮೆಯೂ ನಡುಗದ ಹೆಂಗಸು, ಪರೀಕ್ಷೆಯ ಕಂಪ್ಯೂಟರಿನ ಮುಂದೆ ಕುಳಿತರೆ ಸಾಕು, ಬೆವರಿ ತೊಪ್ಪೆಯಾಗುತ್ತಿದ್ದಳು.

ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆ. ಒಬ್ಬ ರೋಗಿಯ ಕಥೆ, ನಾಲ್ಕು ಉತ್ತರ, ಮೊದಲು ಏನು ಮಾಡುತ್ತೀರಿ ಎಂಬ ಪ್ರಶ್ನೆ. ಹೆದರಿದ ಡಿಟಾಗೆ ಪುಸ್ತಕದ ರೋಗಿಗಳೆಲ್ಲ ಈಗಲೋ ಆಗಲೋ ಎನ್ನುವಂತೆ ಕಾಣುತ್ತಿದ್ದರು, ಹಾಗಾಗಿ ಡಾಕ್ಟರಿಗೆ ಫೋನ್ ಮಾಡುತ್ತೇನೆ ಎಂದುಬಿಡುತ್ತಿದ್ದಳು. ಅದೇ ಪರೀಕ್ಷೆಯವರು ಒಡ್ಡುವ ಬಲೆ, ಗಾಬರಿ ಬೀಳಬೇಡಿ, ಮೊದಲು ನಿಮ್ಮ ಕಣ್ಣಿಂದ ನೋಡಿ ಎಂದು ಪಾಠ ಹೇಳುವ ಟೀಚರ್ ಬಡಕೊಂಡಿದ್ದರು. ಇನ್ನು ಸತ್ತರೂ ಫೋನಿನ ತಂಟೆಗೆ ಹೋಗುವುದಿಲ್ಲ ಎಂದುಕೊಂಡು ಡಿಟಾ ಹಿಟ್ಟಿಗೆ ನಾಲ್ಕು ಗುದ್ದಿದಳು. ಮುಂದಿನದು ಓದು ಎಂದಳು.

ಬಿಸೆಂಟೆ ಹಾಳೆ ತಿರುವಿದ. ಆದರೆ ಓದಲಿಲ್ಲ. ಕನ್ನಡಕ ಬೇಕೇನು ಎಂದು ಅವಳು ಕೇಳಿದ್ದಕ್ಕೆ ಬೇಡವೆಂದು ತಲೆಯಾಡಿಸಿದ.

“ಐವತ್ತೆರಡು ವರ್ಷದ ಗಂಡಸು,” ಎಂದು ನಿಧಾನವಾಗಿ ಶುರುಮಾಡಿದ. “ಡ್ರೈವರ್. ಗಾಡಿ ಓಡಿಸ್ತಿದ್ದಾಗ ಎಡಗೈ ಸ್ಟೀರಿಂಗಿಂದ ಜಾರಿ ಬಿತ್ತು. ಎತ್ತೋಕೇ ಆಗ್ಲಿಲ್ಲ. ಹತ್ತು ನಿಮಿಷ ಆದ್ಮೇಲೆ ತಾನಾಗೇ ಸರಿಹೋಯ್ತು. ಈಗ ಚೆನ್ನಾಗೇ ಇದ್ದಾನೆ. ಒಂದು, ತಕ್ಷಣ ಆಸ್ಪತ್ರೆಗೆ ಸೇರಿಸ್ಬೇಕು. ಎರಡು, ಡಾಕ್ಟರಿಗೆ ಫೋನ್ ಮಾಡ್ಬೇಕು. ಮೂರು, ಬಂದು ಹೋಗಿದೆ, ಗಾಬರಿ ಬೇಡ, ನಾಲ್ಕೈದು ದಿನ ನೋಡೋಣ. ನಾಲ್ಕು, ಕೈಗೆ ಎಣ್ಣೆ ಹಚ್ಚಿ ತಿಕ್ಕಬೇಕು.”

ನಾಲ್ಕನೆಯದನ್ನು ಕೇಳಿ ಡಿಟಾ ನಕ್ಕಳು. ಪರೀಕ್ಷೆಯವರು ಎಲ್ಲದಕ್ಕೂ ಎಣ್ಣೆ ತಿಕ್ಕುವ ಅತ್ತೆಯ ಹತ್ತಿರ ವೈದ್ಯ ಕಲಿತ ಹಾಗಿದೆ ಎಂದು ಕೀಟಲೆ ಮಾಡಿದಳು. ಮೊದಲಿನ ಎರಡೂ ಬರೀ ಗಾಬರಿಯ ಉತ್ತರ, ತನ್ನನ್ನು ಬೀಳಿಸಲಿಕ್ಕೇ ಇಟ್ಟದ್ದು. ಈ ಸಲ ಬೀಳುವುದಿಲ್ಲ. ಮೂರು ಎಂದಳು, ಗಟ್ಟಿ ದನಿಯಲ್ಲಿ.

“ಸರಿ,” ಎಂದ ಬಿಸೆಂಟೆ. ಎಷ್ಟೋ ದಿನದಿಂದ ಕಟ್ಟಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟ. “ಸರಿ ಉತ್ತರ.”

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೂ ಉತ್ತರ ಸರಿಯಾದರೂ ಕಾರಣ ಓದಬೇಕೆಂದು ಟೀಚರ್ ಅಭ್ಯಾಸ ಮಾಡಿಸಿದ್ದರು. ಯಾಕೆ ಸರಿ, ಕೆಳಗೆ ಬರೆದಿರುತ್ತಲ್ಲ ಓದು ಎಂದಳು. ಇದಕ್ಕೆ ಬರೆದಿಲ್ಲ ಎಂದ. ಬರೆದೇ ಇರುತ್ತೆ ಎಂದಳು. ಅವನು ಪುಸ್ತಕ ಮುಚ್ಚಹೊರಟ. ಆ ಕಾರಣವನ್ನು ತಾನೇ ಹೇಳಿನೋಡೋಣ ಎಂದು ಬಾಯಿ ತೆರೆದ ಡಿಟಾಗೆ ಅದು ಸಿಗಲಿಲ್ಲ. ಸಿಕ್ಕಿದ್ದು ವಾರ್ಡಿನ ಏಳನೆಯ ಹಾಸಿಗೆಯ ಮುದುಕ. ಅವನಿಗೂ ಎರಡು ಸಲ ಹೀಗೇ ಬಂದು ಹೋಗಿತ್ತು, ಮೂರನೆಯದು ಹೋಗಲಿಲ್ಲ, ಲಕ್ವವಾಗಿ ಉಳಿಯಿತು.

ಮೇಜು ಸುತ್ತಿ ಬಂದು ಪುಸ್ತಕ ನೋಡಿದಳು. ಹದಿನಾಲ್ಕನೆಯ ಪ್ರಶ್ನೆ ಉಬ್ಬಸದ ಮಗುವಿನದು, ಡ್ರೈವರನದಲ್ಲ.

“ಯಾವತ್ತು?” ಎಂದಳು.

“ಮಂಗಳವಾರ. ಬೆಳಿಗ್ಗೆ, ಸ್ಕೂಲ್ ಬಸ್ಸಲ್ಲಿ.” ಬಿಸೆಂಟೆ ಅವಳ ಮುಖ ನೋಡಲಿಲ್ಲ. “ನಿನ್ ಪರೀಕ್ಷೆ ಮುಗೀಲಿ ಅಂತ ಸುಮ್ನಿದ್ದೆ. ಆದ್ರೆ ನಾಳೆ ಮತ್ತೆ ಮೂವತ್ತೆಂಟು ಮಕ್ಕಳನ್ನ ಹತ್ತಿಸ್ಕೋಬೇಕಲ್ಲ, ಒಂದು ಮಾತು ಕೇಳಿಬಿಡೋಣ ಅನ್ನಿಸ್ತು. ಈಗ ನಿರಾಳ ಆಯ್ತು ಬಿಡು. ನೀನೇ ಹೇಳಿದ್ಯಲ್ಲ, ಬಂದು ಹೋಗಿದೆ ಅಂತ.”

“ತಪ್ಪು ಹೇಳ್ದೆ.”

ಅವಳಿಗೆ ಇಷ್ಟು ಭಯ ಎಂದೂ ಆಗಿರಲಿಲ್ಲ. ಆಸ್ಪತ್ರೆ ಇಲ್ಲಿಂದ ಮುಕ್ಕಾಲು ಗಂಟೆ ದಾರಿ. ಆಂಬುಲೆನ್ಸ್ ಬಂದು ಹೋಗಬೇಕೆಂದರೆ ಇನ್ನೂ ಹೆಚ್ಚು. ಹಿಟ್ಟಿನ ಕೈಯಲ್ಲೇ ಫೋನ್ ಒತ್ತಿ ಊರು, ಹೆಸರು, ವಯಸ್ಸು ಹೇಳಿದಳು. ಮಾತು ತಡವರಿಸಲಿಲ್ಲ. ಇಷ್ಟಕ್ಕೆಲ್ಲ ಯಾಕೆ ಗದ್ದಲ, ಇವತ್ತಂತೂ ಏನೂ ಆಗಿಲ್ಲ ಎಂದು ಬಿಸೆಂಟೆ ಗೊಣಗಿದ. ಡಿಟಾ ಅವನೆದುರು ನೆಲಕ್ಕೆ ಕುಳಿತು, ವಾರ್ಡಿನಲ್ಲಿ ನರ್ಸುಗಳು ಮಾಡುವ ಹಾಗೆ, ತೊಡೆಯ ಮೇಲಿದ್ದ ಅವನ ಎಡಗೈಯೊಳಗೆ ತನ್ನ ಎರಡು ಬೆರಳು ಇಟ್ಟಳು.

“ಗಟ್ಟಿಯಾಗಿ ಹಿಡ್ಕೋ.”

ಅವನ ಬೆರಳು ಸುಮ್ಮನೆ ಅವಳ ಬೆರಳ ಮೇಲೆ ಬಿದ್ದುಕೊಂಡಿದ್ದವು.

“ಹಿಡ್ಕೋ ಬಿಸೆಂಟೆ.”

“ಹಿಡ್ಕೊಂಡೇ ಇದೀನಲ್ಲ,” ಎಂದ ಅವನು.